ರಾಜೀನಾಮೆ ಬರೆದುಕೊಡಬೇಡ, ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಓದಿದೆ. ದುಬೈಗೆ ಬಂದು ಒಂದೂವರೆ ವರ್ಷ, ಈಗ ಕಂಪನಿಯವರು ಜನ ಕಡಿಮೆ ಮಾಡುತ್ತಿದ್ದಾರೆ. ನೀನೇ ರಾಜೀನಾಮೆ ಬರೆದುಕೊಟ್ಟರೆ ಬೇಗ ಸೆಟ್ಲ್ ಮಾಡುತ್ತೇವೆ ಅಂದಿದ್ದಾರೆ. ನನಗೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀಯ. ಖಂಡಿತ ಸಿಗುತ್ತದೆ. ಆದರೆ ರಾಜೀನಾಮೆ ಮಾತ್ರ ಬರೆಯಬೇಡ ಮಾರಾಯ.

ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟಿಗೆ, ಅದರಿಂದ ತೊಂದರೆಯಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಲೇಬರ್ ಕಾನೂನಿನಲ್ಲಿ, ಒಂದು ವರ್ಷ ಮುಗಿಸಿದ ಮೇಲೆ ನೀನೇ ಬಿಟ್ಟರೂ ಅವರೇ ತೆಗೆದರೂ ಅಷ್ಟೇ ದುಡ್ಡು. ಕೈತಪ್ಪುವುದು ಕೆಲಸ ಹೋದವರಿಗೆ ಕೊಡುವ ಇನ್ಶೂರೆನ್ಸ್, ಅದೇ ಐಎಲ್‌ಒಇ. 2023ರಿಂದ ಅದು ಕಡ್ಡಾಯ. ನಿನ್ನ ಬೇಸಿಕ್‌ಗೆ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳಕ್ಕೆ, ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಿರುತ್ತೀಯ, ನೋಡು. ಸತತ 12 ತಿಂಗಳು ಕಟ್ಟಿದ್ದರೆ ಬೇಸಿಕ್‌ನ ಶೇಕಡಾ 60ರಷ್ಟು, ಹೆಚ್ಚೆಂದರೆ 3 ತಿಂಗಳು ಬರುತ್ತದೆ. ತಾನಾಗಿ ಬಿಟ್ಟವರಿಗೆ ಒಂದು ದಿರ್ಹಮೂ ಇಲ್ಲ. ಹಾಗಾಗಿ ಅವರೇ ತೆಗೆದರು ಎನ್ನುವ ಪತ್ರವನ್ನು ಕೇಳಿ ಪಡೆದುಕೋ. ಕೆಲಸ ಹೋದ 30 ದಿನದೊಳಗೆ ಕ್ಲೇಮ್ ಹಾಕಬೇಕು.

ಈಗ ಗ್ರಾಚ್ಯುಟಿ ಲೆಕ್ಕ. ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಬೇಸಿಕ್. ನಿನ್ನ ಸಂಬಳ 4,000, ಅದರಲ್ಲಿ ಬೇಸಿಕ್ 2,400 ಅಂದಿದ್ದೀಯ. ದಿನಕ್ಕೆ 80 ಆಯಿತು. ಒಂದೂವರೆ ವರ್ಷಕ್ಕೆ 31.5 ದಿನ, ಅಂದರೆ 2,520 ದಿರ್ಹಮ್. ಊರಿನಿಂದ ಹೊರಡುವಾಗ ನಾವೆಲ್ಲ ಒಟ್ಟು ಸಂಬಳವನ್ನೇ ನೋಡುತ್ತೇವೆ, ಅಲ್ವಾ? ಬೇಸಿಕ್ ಎಷ್ಟು ಅಂತ ಯಾರೂ ಕೇಳುವುದೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಮುಂದಿನ ಕೆಲಸಕ್ಕೆ ಸೈನ್ ಮಾಡುವ ಮೊದಲು ಅದನ್ನೇ ಮೊದಲು ಕೇಳು.

ಇದರ ಜೊತೆ ನೋಟಿಸ್ ಪೀರಿಯಡ್ ಇದೆ, ಕಡಿಮೆ ಅಂದರೆ 30 ದಿನ. ನಾಳೆಯಿಂದ ಬರಬೇಡ ಅಂದರೆ ಆ ದಿನಗಳ ಸಂಬಳ ಕೊಡಬೇಕು. ಕೆಲಸ ಮಾಡಿಸಿಕೊಂಡರೆ, ಬೇರೆ ಕಡೆ ಹುಡುಕಲು ವಾರಕ್ಕೊಂದು ದಿನ ರಜೆ ಕೇಳಬಹುದು, ಸಂಬಳವಿಲ್ಲದೆ. ಉಳಿದ ರಜೆಯ ದುಡ್ಡು ಬೇರೆ.

ಎಲ್ಲ ಬಾಕಿಯನ್ನೂ ಕೆಲಸ ಮುಗಿದ 14 ದಿನದೊಳಗೆ ಕೊಡಬೇಕು. ವೀಸಾ ಕ್ಯಾನ್ಸಲ್ ಮಾಡುವಾಗ 'ನನಗೆ ಬರಬೇಕಾದದ್ದೆಲ್ಲ ಬಂದಿದೆ' ಅಂತ ಇರುವ ಪೇಪರ್ ಮುಂದಿಡುತ್ತಾರೆ. ಅಕೌಂಟಿಗೆ ದುಡ್ಡು ಬೀಳದೆ ಅದಕ್ಕೆ ಸೈನ್ ಹಾಕಬೇಡ. ನಾಳೆ ಹಾಕ್ತೀವಿ ಅಂದರೂ ಸುಮ್ನೆ ನಂಬಬೇಡ. ನನ್ನ ರೂಮಿನಲ್ಲಿದ್ದ ಹುಡುಗನೊಬ್ಬ ಹಾಗೆ ಸೈನ್ ಮಾಡಿ, ಆಮೇಲೆ ತಿಂಗಳುಗಟ್ಟಲೆ ಅಲೆದ.

ಕೊಡದಿದ್ದರೆ ಲೇಬರ್ ಮಿನಿಸ್ಟ್ರಿಗೆ, ಅಂದರೆ ಮೋಹ್ರೆಗೆ, ದೂರು ಕೊಡು. ಆ್ಯಪ್‌ನಲ್ಲೇ ಆಗುತ್ತದೆ, 80084ಕ್ಕೆ ಫೋನ್ ಮಾಡಿಯೂ ಕೇಳಬಹುದು. 50,000 ದಿರ್ಹಮ್‌ವರೆಗಿನ ತಕರಾರನ್ನು ಅವರೇ ತೀರ್ಮಾನಿಸುತ್ತಾರೆ. ಡಿಐಎಫ್‌ಸಿ ಎನ್ನುವ ದುಬೈನ ಹಣಕಾಸು ವಲಯದಲ್ಲಿರುವ ಕಂಪನಿಗಳಿಗೆ ಕಾನೂನೇ ಬೇರೆ, ನಿನ್ನದು ಅಲ್ಲಿಯದಲ್ಲ.

ಇವತ್ತು ರಾತ್ರಿಯೇ ಕಾಂಟ್ರಾಕ್ಟ್, ಸ್ಯಾಲರಿ ಸ್ಲಿಪ್, ಎಚ್‌ಆರ್ ಮೆಸೇಜ್‌ಗಳನ್ನೆಲ್ಲ ನಿನ್ನ ಸ್ವಂತ ಇಮೇಲ್‌ಗೆ ಕಳಿಸಿಕೋ. ಆಫೀಸ್ ಲಾಗಿನ್ ಯಾವಾಗ ಬಂದ್ ಮಾಡುತ್ತಾರೋ ಗೊತ್ತಾಗುವುದಿಲ್ಲ.