ಹಾಳೂರಿನ ಗೌಡನಿಗಾಗಿ ಅಲೆಕ್ಸ್ ಸಾರ್‌ನ ಕೊಡಬೇಡಿ

2025ರ ಜುಲೈ. ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ (ಅಮೆರಿಕದ ಎನ್‌ಬಿಎ ಆಟಗಾರರನ್ನು ಸೇರಿಸಿ ಟೀಮ್ ಕಟ್ಟಿ, ಅವರ ನಿಜವಾದ ಅಂಕಿಗಳ ಮೇಲೆ ಪೈಪೋಟಿ ಮಾಡುವ ಆಟ) ಬಗ್ಗೆ ಬೆಳಗ್ಗೆ ನಿಮ್ಮ ಪೋಸ್ಟ್ ನೋಡಿದಾಗಿನಿಂದ ತಡೆಯೋಕೆ ಆಗುತ್ತಿಲ್ಲ. ಆಫೀಸಿನಲ್ಲಿ ಬರೆಯಲು ಆಗಲಿಲ್ಲ, ಈಗ ಊಟ ಮುಗಿಸಿ ಕೂತಿದ್ದೇನೆ. ವಾಷಿಂಗ್ಟನ್‌ನ ಎಳೆಯ ಸೆಂಟರ್ ಅಲೆಕ್ಸ್ ಸಾರ್, ಜೊತೆಗೆ 2026ರ ಫಸ್ಟ್ ರೌಂಡ್ ಪಿಕ್ (ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲಿ ಆರಿಸುವ ಸರದಿ) ಕೊಟ್ಟು ಫಿಲಡೆಲ್ಫಿಯಾದ ಗಾರ್ಡ್ ಕ್ವೆಂಟಿನ್ ಗ್ರೈಮ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಗ್ರೈಮ್ಸ್ ಫಿಲಡೆಲ್ಫಿಯಾಗೆ ಬಂದ ಮೇಲೆ 28 ಗೇಮ್‌ನಲ್ಲಿ ಸರಾಸರಿ 21.9 ಪಾಯಿಂಟ್, ಸಾರ್ ಶೂಟಿಂಗ್ ನೋಡಿದರೆ ಶೇ. 39.4. ‘ನಂಬರ್ ಸುಳ್ಳು ಹೇಳಲ್ಲ’ ಅಂತ ಬೇರೆ ಬರೆದಿದ್ದೀರಿ. ಹೇಳುತ್ತೆ ಸ್ವಾಮಿ. ಹನ್ನೊಂದು ವರ್ಷದ ಹಿಂದೆ ನನಗೆ ಹೇಳಿತ್ತು, ಅದೂ ಇದೇ ಫಿಲಡೆಲ್ಫಿಯಾದಿಂದ.

2013ರ ಅಕ್ಟೋಬರ್ 31, ಬೆಳಗಿನ ಜಾವ ನಾಲ್ಕೂವರೆ. ಆಗ ನಮ್ಮ ಡೈನಾಸ್ಟಿ ಲೀಗ್ (ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಫ್ಯಾಂಟಸಿ ಲೀಗ್) ಹೊಸದು, ಹತ್ತು ಜನ, ಎಲ್ಲ ಒಂದೇ ಕಾಲೇಜಿನವರು. ಫೋನ್‌ನಲ್ಲಿ ಬಾಕ್ಸ್ ಸ್ಕೋರ್ (ಗೇಮ್‌ನ ಅಂಕಿಪಟ್ಟಿ) ರಿಫ್ರೆಶ್ ಮಾಡ್ತಾ ಹಾಸಿಗೆಯಲ್ಲೇ ಇದ್ದೆ. ಫಿಲಡೆಲ್ಫಿಯಾದ ಹೊಸ ಗಾರ್ಡ್ ಮೈಕಲ್ ಕಾರ್ಟರ್-ವಿಲಿಯಮ್ಸ್, ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನು ಸರದಿಯಂತೆ ಆರಿಸೋದು) 11ನೇ ಪಿಕ್, ಮೊದಲನೇ ಗೇಮ್. ಎದುರಿಗೆ ಲೆಬ್ರಾನ್ ಇದ್ದ ಮಯಾಮಿ, ಸತತ ಎರಡು ವರ್ಷದ ಚಾಂಪಿಯನ್ನರು. ಪ್ರತಿ ರಿಫ್ರೆಶ್‌ಗೂ ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿಯೋದು) ಕಾಲಮ್ ಏರುತ್ತಿತ್ತು. ಐದು, ಏಳು, ಒಂಬತ್ತು. ಆ್ಯಪ್ ಕೆಟ್ಟಿದೆ ಅಂತ ಒಂದು ಸಲ ಮುಚ್ಚಿ ತೆಗೆದೆ. ಕೊನೆಗೆ 22 ಪಾಯಿಂಟ್, 12 ಅಸಿಸ್ಟ್, 9 ಸ್ಟೀಲ್, 7 ರೀಬೌಂಡ್, ಮೇಲೆ ಫಿಲಡೆಲ್ಫಿಯಾ ಗೆಲುವು 114-110. ಅವನು ನನ್ನ ಟೀಮಿನಲ್ಲಿ ಇರಲಿಲ್ಲ. ಗೆಳೆಯನೊಬ್ಬನ ಹತ್ತಿರ ಇದ್ದ. ಆ ಉರಿ ಇಡೀ ವರ್ಷ ಹೋಗಲಿಲ್ಲ.

ಸೀಸನ್ ಮುಗಿದಾಗ 16.7 ಪಾಯಿಂಟ್, 6.3 ಅಸಿಸ್ಟ್, 6.2 ರೀಬೌಂಡ್, ರೂಕಿ ಆಫ್ ದ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸಬ. 2014ರ ಬೇಸಿಗೆಯಲ್ಲಿ ಗೆಳೆಯನನ್ನು ಕಾಡಿ ಬೇಡಿ ಅವನನ್ನು ತಗೊಂಡೆ. ಕೊಟ್ಟಿದ್ದು ಶಿಕಾಗೋದ ಜಿಮ್ಮಿ ಬಟ್ಲರ್ ಮತ್ತೆ 2015ರ ಫಸ್ಟ್ ರೌಂಡ್ ಪಿಕ್. ಬಟ್ಲರ್‌ಗೆ ಆ ವರ್ಷ 13.1 ಪಾಯಿಂಟ್, ಶೂಟಿಂಗ್ ಶೇ. 39.7. ನೀವು ಸಾರ್ ಬಗ್ಗೆ ಬರೆದ ಮಾತನ್ನೇ ನಾನು ಬಟ್ಲರ್ ಬಗ್ಗೆ ಹೇಳಿದ್ದೆ, ಅಕ್ಷರ ಬದಲಿಲ್ಲ.

ನಾನು ನೋಡದೆ ಬಿಟ್ಟಿದ್ದು ಬಾಕ್ಸ್ ಸ್ಕೋರಿನ ಆಚೆಗೆ ಇತ್ತು. ಆ ಫಿಲಡೆಲ್ಫಿಯಾ ಒಟ್ಟು ಗೆದ್ದಿದ್ದು 19 ಗೇಮ್, ನಡುವೆ ಸತತ 26 ಸೋಲು. ಫೆಬ್ರವರಿಯಲ್ಲಿ ಇವಾನ್ ಟರ್ನರ್, ಸ್ಪೆನ್ಸರ್ ಹಾಸ್ ಇಬ್ಬರನ್ನೂ ಮಾರಿದರು. ಲೀಗ್‌ನಲ್ಲೇ ಅತಿ ವೇಗದ ಆಟ ಅವರದು, ಅಂದರೆ ಎಲ್ಲರಿಗೂ ಅಂಕಿ ಹೆಚ್ಚಿಸಿಕೊಳ್ಳೋ ಅವಕಾಶ ಜಾಸ್ತಿ. ಬಾಲ್ ಹಿಡಿಯೋಕೆ ಬೇರೆ ಯಾರಿದ್ದರು? ಹಾಳೂರಿಗೆ ಉಳಿದವನೇ ಗೌಡ. ಶೂಟಿಂಗ್ ಶೇ. 40.5, ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟ್ ಶಾಟ್) 26.4, ಫ್ರೀ ಥ್ರೋ (ಫೌಲ್ ಆದಾಗ ಸಿಗೋ ತಡೆಯಿಲ್ಲದ ಶಾಟ್) 70ರ ಹತ್ತಿರ. ಇದೆಲ್ಲ ಕಣ್ಣೆದುರೇ ಇತ್ತು. ನಾನು ಒಂಬತ್ತು ಸ್ಟೀಲ್ ನೋಡುತ್ತಾ ಕೂತಿದ್ದೆ.

ಮುಂದಿನ ವರ್ಷ ಬಟ್ಲರ್ 20.0 ಪಾಯಿಂಟ್, ಮೋಸ್ಟ್ ಇಂಪ್ರೂವ್ಡ್ ಪ್ರಶಸ್ತಿ. 2015ರ ಫೆಬ್ರವರಿ, ತಂಡಗಳು ಆಟಗಾರರನ್ನು ಅದಲು ಬದಲು ಮಾಡೋಕೆ ಇರೋ ಡೆಡ್‌ಲೈನ್ ರಾತ್ರಿ ನಾನು ಮಲಗಿದ್ದೆ. ಎದ್ದು ನೋಡಿದರೆ ಫಿಲಡೆಲ್ಫಿಯಾದವರು ತಮ್ಮ ರೂಕಿ ಆಫ್ ದ ಇಯರ್‌ನ ಮಿಲ್ವಾಕಿಗೆ ಕಳಿಸಿ ಲೇಕರ್ಸ್‌ನ ಒಂದು ಪಿಕ್ ತಗೊಂಡು ಸುಮ್ಮನಾಗಿದ್ದರು. ಗೆಳೆಯನ ಮೆಸೇಜ್ ಬಂದಿತ್ತು, ಎರಡೇ ಪದ: ‘ನಮಸ್ಕಾರ ಗೌಡ್ರೇ’. ನನ್ನ ಆ ಪಿಕ್‌ನಲ್ಲಿ ಅವನು ತಗೊಂಡಿದ್ದು ಮುಂದೆ ಸ್ಟಾರ್ ಆದ ಡೆವಿನ್ ಬುಕರ್. ಇವತ್ತಿಗೂ ನಮ್ಮ ಲೀಗ್‌ನಲ್ಲಿ ನನ್ನ ಹೆಸರು ಗೌಡ್ರು, ಹೊಸದಾಗಿ ಸೇರಿದವರು ಅದೇ ನನ್ನ ಮನೆ ಹೆಸರು ಅಂದುಕೊಂಡಿದ್ದಾರೆ.

ಈಗ ನಿಮ್ಮ ಗ್ರೈಮ್ಸ್. ಆಟಗಾರ ಕೆಟ್ಟವನಲ್ಲ, ತ್ರೀ ಮೊದಲಿನಿಂದಲೂ ಚೆನ್ನಾಗಿ ಹಾಕುತ್ತಾನೆ, ಡಿಫೆನ್ಸ್ ಕೂಡ ಮಾಡುತ್ತಾನೆ. ಆದರೆ ಆ 28 ಗೇಮ್ ಯಾವ ಊರಿನಲ್ಲಿ ಆಡಿದ ಅಂತ ನೋಡಿ. ತಂಡದ ಸ್ಟಾರ್‌ಗಳಲ್ಲಿ ಎಂಬೀಡ್ ಇಡೀ ಸೀಸನ್‌ನಲ್ಲಿ ಆಡಿದ್ದು 19 ಗೇಮ್, ಪಾಲ್ ಜಾರ್ಜ್ 41, ಮ್ಯಾಕ್ಸಿ 52. ತಂಡ ಗೆದ್ದಿದ್ದು 24. ಸೋತಷ್ಟೂ ಡ್ರಾಫ್ಟ್‌ನಲ್ಲಿ ಪಿಕ್ ಮೇಲೆ ಬರೋ ಸಾಧ್ಯತೆ ಜಾಸ್ತಿ, ಅವರ ಪಿಕ್ ಮೊದಲ ಆರರೊಳಗೆ ಬಂದರೆ ಮಾತ್ರ ಅವರದು, ಇಲ್ಲಾಂದ್ರೆ ಒಕ್ಲಹೋಮಾ ಪಾಲು. ಮಾರ್ಚ್‌ನಲ್ಲಿ ಗೆಲ್ಲೋ ಅವಸರ ಯಾರಿಗಿತ್ತು ಹೇಳಿ. ವಾರಿಯರ್ಸ್ ಮೇಲೆ 44, ಹ್ಯೂಸ್ಟನ್ ಮೇಲೆ 46, ಎರಡೂ ನೋಡೋಕೆ ಚಂದ. ಅದೇ ವರ್ಷ ಡಲ್ಲಾಸ್‌ನಲ್ಲಿ ಒಳ್ಳೆಯ ಆಟಗಾರರ ಜೊತೆ ಇದ್ದಾಗ ಅವನಿಗೆ ಬರುತ್ತಿದ್ದದ್ದು 10.2.

ಮುಂದೆ ಏನು? ಆ ಪಿಕ್ ಮೂರನೆಯದಾಗಿ ಬಂತು, ವಿಜೆ ಎಡ್ಜ್‌ಕೂಂಬ್ ಬಂದ, ಅವನೂ ಗಾರ್ಡ್. ಜ್ಯಾರೆಡ್ ಮೆಕೇನ್ ಮೊಣಕಾಲು ಸರಿ ಮಾಡಿಕೊಂಡು ಬರುತ್ತಾನೆ, ಗಾಯಕ್ಕೆ ಮುಂಚೆ 15.3 ಹೊಡೆಯುತ್ತಿದ್ದ. ಮ್ಯಾಕ್ಸಿ ಇದ್ದೇ ಇದ್ದಾನೆ. ಗ್ರೈಮ್ಸ್ ಕೈಗೆ ಬಾಲ್ ಎಷ್ಟು ಬರುತ್ತೆ? ಇನ್ನೊಂದು, 2025ರ ಜುಲೈ ಬಂದರೂ ಅವನು ಸಹಿ ಇಲ್ಲದೆ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ (ಬೇರೆಯವರು ಕೊಡೋ ಬೆಲೆಯನ್ನೇ ಕೊಟ್ಟು ಹಳೇ ತಂಡ ಉಳಿಸಿಕೊಳ್ಳಬಹುದಾದವನು) ಆಗಿಯೇ ಕೂತಿದ್ದಾನೆ. ನಾಲ್ಕು ವರ್ಷದಲ್ಲಿ ನಾಲ್ಕು ತಂಡ. ದಿನಾ ಪ್ರಾಕ್ಟೀಸ್‌ನಲ್ಲಿ ನೋಡೋ ಜನ ಅವನಿಗೆ ದುಡ್ಡು ಇಡೋಕೆ ಯೋಚನೆ ಮಾಡುತ್ತಿದ್ದಾರೆ ಅಂದರೆ ನಾವು ಯಾಕೆ ಅವಸರ ಮಾಡಬೇಕು. ಕಾರ್ಟರ್-ವಿಲಿಯಮ್ಸ್ ಮಾರಾಟದಿಂದ ನಾನು ಕಲಿತ ಮೊದಲ ಪಾಠ ಇದು, ಬಾಯಿ ನೋಡಬೇಡಿ, ಜೇಬು ನೋಡಿ. ಕೋಚ್‌ಗಳು ಎಲ್ಲರನ್ನೂ ಹೊಗಳುತ್ತಾರೆ.

ವಯಸ್ಸಿಗೆ ಬರೋಣ. ಗ್ರೈಮ್ಸ್ 2000ದ ಮೇ, ಸಾರ್ 2005ರ ಏಪ್ರಿಲ್. ಐದು ವರ್ಷ! ಇಬ್ಬರನ್ನೂ ‘ಯಂಗ್ ಪ್ಲೇಯರ್’ ಅಂತ ಒಂದೇ ತಕ್ಕಡಿಗೆ ಹಾಕಬೇಡಿ. 2017ರ ರೂಕಿ ಆಫ್ ದ ಇಯರ್ ಮಾಲ್ಕಮ್ ಬ್ರಾಗ್ಡನ್ ಆಗಲೇ 24 ದಾಟಿದ್ದ. ಒಳ್ಳೆಯ ಆಟಗಾರ, ಸಂದೇಹ ಇಲ್ಲ, ಆದರೆ ಅವತ್ತು ಸ್ಟಾರ್ ಅಂತ ಬೆಲೆ ಕೊಟ್ಟು ತಗೊಂಡವರು ಇವತ್ತಿಗೂ ಆ ಮಾತು ಎತ್ತಲ್ಲ. ಮುಂದೆ ದೊಡ್ಡ ಸ್ಟಾರ್ ಆದ ಯಾನಿಸ್ ಆಂಟೆಟೊಕುಂಪೊ 2013ರಲ್ಲಿ 18 ವರ್ಷದವನು, ಮೊದಲ ಸೀಸನ್ 6.8 ಪಾಯಿಂಟ್. ಅದೇ ಡ್ರಾಫ್ಟ್, ಅದೇ ವರ್ಷ, ನನ್ನ ಗೌಡನಿಗಿಂತ ನಾಲ್ಕು ಪಿಕ್ ಕೆಳಗೆ.

ಇಲ್ಲಿ ಯಾರಾದರೂ ಬಟ್ಲರ್ ವಯಸ್ಸು ಕೇಳುತ್ತಾರೆ, ಗೊತ್ತು. 2014ರ ಬೇಸಿಗೆಯಲ್ಲಿ ಅವನಿಗೆ 24, ನನ್ನ ವಯಸ್ಸಿನ ನಿಯಮ ಅವನಿಗೆ ಹೊಂದಲ್ಲ. ಒಪ್ಪುತ್ತೇನೆ. ಅವನ ವಿಷಯದಲ್ಲಿ ಸೂಚನೆ ಬೇರೆ ಕಡೆ ಇತ್ತು. 48 ಗೇಮ್ ಗೆದ್ದ ಶಿಕಾಗೋದಲ್ಲಿ ಥಿಬೊಡೊ ಅಂಥ ಕಟ್ಟುನಿಟ್ಟಿನ ಕೋಚ್ ಅವನನ್ನು ಗೇಮ್‌ಗೆ 38 ನಿಮಿಷಕ್ಕಿಂತ ಜಾಸ್ತಿ ಆಡಿಸುತ್ತಿದ್ದ. ಗೆಲ್ಲೋ ತಂಡದಲ್ಲಿ ಸಿಕ್ಕ ನಿಮಿಷಕ್ಕೂ ಸೋಲೋ ತಂಡದಲ್ಲಿ ಸಿಕ್ಕ ನಿಮಿಷಕ್ಕೂ ಒಂದೇ ಬೆಲೆ ಅಲ್ಲ.

ನನ್ನ ಹುಚ್ಚು ಅಂದರೆ ಫ್ರೀ ಥ್ರೋ. ಒಂದು ಉದ್ದನೆಯ ನೋಟ್‌ಬುಕ್ ಇದೆ, ಪ್ರತಿ ಹುಡುಗನಿಗೆ ಅರ್ಧ ಪುಟ. ಮೇಲೆ ಹುಟ್ಟಿದ ತಾರೀಕು, ಕೆಳಗೆ ಕಾಲೇಜಿನಿಂದ ಫ್ರೀ ಥ್ರೋ ಎಷ್ಟು ಹಾಕಿದ, ಎಷ್ಟು ಬಿತ್ತು. ಪಾಯಿಂಟ್ ಕಾಲಮ್ ಬೇಕಂತಲೇ ಇಟ್ಟಿಲ್ಲ, ಇಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತೆ. ಯಾಕೆ ಫ್ರೀ ಥ್ರೋ ಅಂದರೆ, ಡಿಫೆಂಡರ್ ಇಲ್ಲ, ಓಟ ಇಲ್ಲ, ದೂರ ಯಾವಾಗಲೂ ಅಷ್ಟೇ. ಕೈ ಹೇಗಿದೆ ಅಂತ ಬರಿದಾಗಿ ಕಾಣುವ ಒಂದೇ ಜಾಗ ಅದು. ಕಾಲೇಜಿನ ತ್ರೀ ಅಂದರೆ ನೂರು, ನೂರೈವತ್ತು ಶಾಟ್, ಹತ್ತು ಶಾಟ್ ಅದೃಷ್ಟಕ್ಕೆ ಬಿದ್ದರೂ ಶೇಕಡಾವಾರು ಹಾರಿಬಿಡುತ್ತೆ.

ಲೋನ್ಜೋ ಬಾಲ್ ಯುಸಿಎಲ್‌ಎಯಲ್ಲಿ ತ್ರೀ ಶೇ. 41.2. ಎಲ್ಲರೂ ಶೂಟರ್ ಅಂದರು. ಫ್ರೀ ಥ್ರೋ 67.3 ಅಂತ ಯಾರೂ ನೋಡಲಿಲ್ಲ. ಲೇಕರ್ಸ್‌ಗೆ ಬಂದ ವರ್ಷ ತ್ರೀ 30.5ಕ್ಕೆ ಇಳಿಯಿತು, ಫ್ರೀ ಥ್ರೋ 45.1ಕ್ಕೆ. ಮಾರ್ಕೆಲ್ ಫುಲ್ಟ್ಸ್ ಕೂಡ ಹಾಗೇ, 41.3 ಮತ್ತು 64.9, ಆದರೆ ಅವನದು ಭುಜದ ನರದ ತೊಂದರೆ, ಅವನನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಉಲ್ಟಾ ಕಡೆ ಬ್ರೂಕ್ ಲೋಪೆಜ್. ಮೊದಲ ಎಂಟು ಸೀಸನ್‌ನಲ್ಲಿ ಅವನ ತ್ರೀ ಬಿದ್ದಿದ್ದು ಮೂರೇ ಮೂರು. ಫ್ರೀ ಥ್ರೋ ಮಾತ್ರ 80ರ ಹತ್ತಿರ. 2016-17ರಲ್ಲಿ ಹೋಗಿ ಹಾಕು ಅಂದರು, 134 ಬಿದ್ದವು. ಬುಕರ್ ಕೆಂಟಕಿಯಲ್ಲಿ ಬೆಂಚ್‌ನಿಂದ ಬರುತ್ತಿದ್ದ, 10 ಪಾಯಿಂಟ್, ಆದರೆ ಫ್ರೀ ಥ್ರೋ 82.8, ವಯಸ್ಸು 18. ಗೆಳೆಯನಿಗೆ ಇದೆಲ್ಲ ಗೊತ್ತಿರಲಿಲ್ಲ, ಸುಮ್ನೆ ಹೆಸರು ಚೆನ್ನಾಗಿದೆ ಅಂತ ತಗೊಂಡ. ಅದು ಇನ್ನೂ ಉರಿ.

ಆದರೆ ಇದನ್ನೇ ವೇದವಾಕ್ಯ ಮಾಡಬೇಡಿ. ಲೋನ್ಜೋ ಆಮೇಲೆ ಶಾಟ್ ಬಿಚ್ಚಿ ಮತ್ತೆ ಕಟ್ಟಿದ, 2021-22ರಲ್ಲಿ ತ್ರೀ 42.3, ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಕವಾಯ್ ಲೆನಾರ್ಡ್ ಕಾಲೇಜಿನಲ್ಲಿ ತ್ರೀ ಶೇ. 25, ಸ್ಪರ್ಸ್‌ಗೆ ಬಂದ ಮೊದಲ ವರ್ಷವೇ 37.6. ಅಲ್ಲಿ ಚಿಪ್ ಎಂಗೆಲ್ಯಾಂಡ್ ಅಂಥ ಶೂಟಿಂಗ್ ಕೋಚ್ ಇದ್ದ. ಹುಡುಗ ಯಾವ ಮನೆಗೆ ಹೋದ ಅನ್ನೋದು ಅರ್ಧ ಭಾಗ. ಹ್ಯೂಸ್ಟನ್‌ನ ಅಮೆನ್ ಥಾಂಪ್ಸನ್‌ಗೆ ಶೂಟಿಂಗೇ ಇಲ್ಲ, ಆದರೂ ಎರಡನೇ ವರ್ಷಕ್ಕೆ ಆಲ್ ಡಿಫೆನ್ಸ್ ಫಸ್ಟ್ ಟೀಮ್, ಅವನನ್ನು ಯಾರಾದರೂ ಫ್ರೀ ಥ್ರೋ ನೋಡಿ ಮಾರಿದರೆ ನನ್ನ ಹೆಸರು ಹೇಳಬೇಡಿ. ನನ್ನದೇ ಅಳತೆಯಲ್ಲಿ ಅಲೆಕ್ಸ್ ಸಾರ್ ಕೂಡ ಸ್ವಲ್ಪ ಸಪ್ಪೆ, ಫ್ರೀ ಥ್ರೋ 68ರ ಹತ್ತಿರ. ಮುಚ್ಚಿಡಲ್ಲ.

ಹಾಗಿದ್ದರೂ ಯಾಕೆ ಇಟ್ಟುಕೊಳ್ಳಿ ಅಂತೀನಿ? 19 ವರ್ಷಕ್ಕೆ ಬಂದ ಏಳಡಿ ಹುಡುಗ ಗೇಮ್‌ಗೆ ನಾಲ್ಕಕ್ಕಿಂತ ಜಾಸ್ತಿ ತ್ರೀ ಧೈರ್ಯವಾಗಿ ಹಾಕುತ್ತಾನೆ, ಜೊತೆಗೆ 1.5 ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು). ನಿಮ್ಮದು 9-ಕ್ಯಾಟ್ (ಒಂಬತ್ತು ಬಗೆಯ ಅಂಕಿಗಳಲ್ಲಿ ಪೈಪೋಟಿ) ಅಲ್ವಾ, ತ್ರೀ ಮತ್ತು ಬ್ಲಾಕ್ ಒಬ್ಬನಲ್ಲೇ ಸಿಗೋದು ಎಷ್ಟು ಕಡಿಮೆ ಅಂತ ನಿಮಗೇ ಗೊತ್ತು. ಸೆಂಟರ್‌ಗಳು ತಡವಾಗಿ ಬಲಿಯುತ್ತಾರೆ, ಅಷ್ಟು ದೊಡ್ಡ ಸ್ಟಾರ್ ಯೋಕಿಚ್ ಕೂಡ ಮೊದಲ ವರ್ಷ 10 ಪಾಯಿಂಟ್‌ನವನೇ. ಒಂದು ಕೆಲಸ ಮಾಡಿ. ಲೀಗ್ ಪಾಸ್ (ಎನ್‌ಬಿಎ ಗೇಮ್ ನೋಡೋ ಚಂದಾ) ಇದ್ದರೆ ವಾಷಿಂಗ್ಟನ್‌ನ ಯಾವುದಾದರೂ ಗೇಮ್ ಹಾಕಿ, ಸೌಂಡ್ ತೆಗೆಯಿರಿ, ಬಾಲ್ ನೋಡಬೇಡಿ, ಸಾರ್ ಕಾಲು ಮಾತ್ರ ನೋಡಿ. ಸ್ಕ್ರೀನ್ (ಒಬ್ಬ ಅಡ್ಡ ನಿಂತು ಡಿಫೆಂಡರ್ ದಾರಿ ತಡೆಯೋದು) ಆದ ಮೇಲೆ ಎದುರು ತಂಡದ ಚಿಕ್ಕ ಗಾರ್ಡ್ ಅವನ ಮುಂದೆ ಬಂದಾಗ ಸೊಂಟ ಇಳಿಸಿ ಎರಡು ಹೆಜ್ಜೆ ಪಕ್ಕಕ್ಕೆ ಜಾರುತ್ತಾನೆ, ಕಾಲು ಅಡ್ಡ ಹಾಕಲ್ಲ. ಆ ಎತ್ತರಕ್ಕೆ ಅದು ಹೇಳಿಕೊಟ್ಟು ಬರೋದಲ್ಲ. ಶಾಟ್ ಹೇಳಿಕೊಡಬಹುದು.

ನಿಮ್ಮ ಪೋಸ್ಟ್ ಕೆಳಗೆ ಒಬ್ಬರು ‘ಸಮ್ಮರ್ ಲೀಗ್ ನೋಡಿ ನಿರ್ಧಾರ ಮಾಡಿ’ ಅಂತ ಬರೆದಿದ್ದಾರೆ. ಜುಲೈನಲ್ಲಿ ಹೊಸಬರೇ ಹೆಚ್ಚಾಗಿ ಆಡೋ ಪಂದ್ಯಗಳು ಅವು, ದಯವಿಟ್ಟು ಬೇಡ. 2024ರಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್‌ನಲ್ಲಿ ಸಾರ್ ಒಂದು ಗೇಮ್‌ನಲ್ಲಿ 15 ಶಾಟ್‌ಗೆ ಸೊನ್ನೆ. ಅವತ್ತೇ ಅರ್ಧ ಜನ ಅವನನ್ನು ಮಾರಿದರು. 2014ರಲ್ಲಿ ಅಲ್ಲಿ ಎಂವಿಪಿ (ಅತ್ಯುತ್ತಮ ಆಟಗಾರ) ಆಗಿದ್ದು ಗ್ಲೆನ್ ರೈಸ್ ಜೂನಿಯರ್, ಆಮೇಲೆ ಎಲ್ಲಿ ಹೋದ ನೋಡಿ. ಜುಲೈ ತಿಂಗಳು ಬಾಕ್ಸ್ ಸ್ಕೋರ್ ಮುಚ್ಚಿಡಿ. ಹಾಗೇ ಅಭಿಮಾನಕ್ಕೂ ಪಿಕ್ ಹಾಕಬೇಡಿ. 2015ರಲ್ಲಿ ನಮ್ಮ ದೇಶದ ಸತ್ನಾಮ್ ಸಿಂಗ್ ಡಲ್ಲಾಸ್‌ಗೆ 52ನೇ ಪಿಕ್ ಆದಾಗ ಎಲ್ಲರಿಗೂ ಖುಷಿ, ನನಗೂ ಕಣ್ಣು ತುಂಬಿತ್ತು. ನಮ್ಮಲ್ಲಿ ಒಬ್ಬ ಅವನನ್ನು ಎರಡು ವರ್ಷ ರೋಸ್ಟರ್‌ನಲ್ಲಿ ಇಟ್ಟುಕೊಂಡ. ಒಂದು ಎನ್‌ಬಿಎ ಗೇಮ್ ಕೂಡ ಆಡಲಿಲ್ಲ.

ಎಲ್ಲಿ ನೋಡೋದು ಅಂದರೆ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಸಾಕು, ದುಡ್ಡು ಬೇಡ. ದುಡ್ಡು ಕೊಡೋ ಹಾಗಿದ್ದರೆ ಕ್ಲೀನಿಂಗ್ ದ ಗ್ಲಾಸ್, ಗಾರ್ಬೇಜ್ ಟೈಮ್ (ಸೋಲು ಗೆಲುವು ತೀರ್ಮಾನವಾದ ಮೇಲಿನ ಆಟ) ತೆಗೆದು ತೋರಿಸುತ್ತೆ, ಗೌಡರನ್ನು ಹಿಡಿಯೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಲೀಗ್ ನಡೆಸೋಕೆ ನಾನು ಫ್ಯಾಂಟ್ರಾಕ್ಸ್ ಪಾರ್ಟಿ. ನೋಡೋಕೆ ತಾಲೂಕು ಕಚೇರಿ ರಿಜಿಸ್ಟರ್ ಇದ್ದ ಹಾಗಿದೆ, ಆದರೆ ಮುಂದಿನ ವರ್ಷಗಳ ಪಿಕ್ ಎಲ್ಲ ಸರಿಯಾಗಿ ಇಡುತ್ತೆ. ಸ್ಲೀಪರ್ ಚಂದ, ಹರಟೆಗೆ. ಯಾಹೂ ರ‍್ಯಾಂಕಿಂಗ್ ಇದೇ ಸೀಸನ್ನಿಗೆ ಮಾಡಿದ್ದು, ಅದನ್ನು ಡೈನಾಸ್ಟಿಗೆ ಹಿಡಿದು ಬರುವವರ ಜೊತೆ ಟ್ರೇಡ್ ಮಾಡಿ, ಲಾಭ ನಿಮಗೇ.

ಸ್ಟೀಲ್ ಬಗ್ಗೆ ಒಂದು ಮಾತು ಬಿಟ್ಟೆ. ಮೊದಲ ಗೇಮ್‌ನ ಒಂಬತ್ತು ಸ್ಟೀಲ್ ಬೇರೆ, ನಿಮಿಷದ ಲೆಕ್ಕದಲ್ಲಿ ಎರಡು ವರ್ಷ ನಿಲ್ಲುವ ಸ್ಟೀಲ್ ಬೇರೆ. ಡೈಸನ್ ಡ್ಯಾನಿಯಲ್ಸ್ ನ್ಯೂ ಓರ್ಲಿಯನ್ಸ್‌ನಲ್ಲಿ 5.8 ಪಾಯಿಂಟ್‌ನವನು, ಆದರೆ 22 ನಿಮಿಷದಲ್ಲಿ 1.4 ಸ್ಟೀಲ್. ಅಟ್ಲಾಂಟಾದಲ್ಲಿ ನಿಮಿಷ ಸಿಕ್ಕಿದ್ದೇ ತಡ, 3.0. ಅವನನ್ನು ನಾನು ವೇವರ್‌ನಿಂದ (ಯಾವ ಟೀಮಿನಲ್ಲೂ ಇಲ್ಲದವರ ಪಟ್ಟಿ) ಎತ್ತಿದ್ದು, ಹೇಳಿಕೊಳ್ಳದೆ ಇರೋಕೆ ಆಗಲ್ಲ.

ನೀವು ಈ ವರ್ಷವೇ ಕಪ್ ಗೆಲ್ಲೋ ಟೀಮ್ ಆಗಿದ್ದರೆ ಗ್ರೈಮ್ಸ್ ಬಗ್ಗೆ ಬೇರೆ ಮಾತಾಡುತ್ತಿದ್ದೆ. ಆಗಲೂ ಪಿಕ್ ಕೊಡಬೇಡಿ ಅನ್ನುತ್ತಿದ್ದೆ. ಆದರೆ ನೀವೇ ಬರೆದಿದ್ದೀರಿ, 12 ಜನರಲ್ಲಿ 9ನೇ ಸ್ಥಾನ ಅಂತ. ಆ 2026ರ ಪಿಕ್ ಮೇಲಿನ ನಾಲ್ಕರಲ್ಲಿ ಬರುವ ಪಿಕ್, ಗೊತ್ತಿದೆ ತಾನೇ? ಶುಕ್ರವಾರದೊಳಗೆ ಉತ್ತರ ಕೊಡಬೇಕು ಅಂದಿರಲ್ಲ, ಇಲ್ಲ ಅಂತ ಬರೆದುಬಿಡಿ. ಗಾರ್ಡ್ ಬೇಕೇ ಬೇಕು ಅಂದರೆ ಹ್ಯೂಸ್ಟನ್‌ನ ರೀಡ್ ಶೆಪರ್ಡ್ ಯಾರ ಹತ್ತಿರ ಇದ್ದಾನೆ ನೋಡಿ, ಮೊದಲ ಸೀಸನ್‌ನ 4.4 ಪಾಯಿಂಟ್ ನೋಡಿ ಬೇಸತ್ತಿರುತ್ತಾರೆ. ಕೆಂಟಕಿಯಲ್ಲಿ ಅವನ ಫ್ರೀ ಥ್ರೋ 83.1, ಗೇಮ್‌ಗೆ 2.5 ಸ್ಟೀಲ್. ಹ್ಯೂಸ್ಟನ್‌ನಿಂದ ಜೇಲನ್ ಗ್ರೀನ್ ಹೋಗಿಯಾಯಿತು, ನಿಮಿಷ ಖಾಲಿ ಇದೆ. ಎರಡನೇ ರೌಂಡ್ ಪಿಕ್ ಎರಡು ಕೊಟ್ಟು ಕೇಳಿ, ಕೊಡಲ್ಲ ಅಂದರೆ ಬೆಂಚ್‌ನಿಂದ ಯಾರನ್ನಾದರೂ ಸೇರಿಸಿ. ಸಾರ್ ಬಿಟ್ಟು.