ಹೊರಗೋಡೆಯ ಸೋಲಾರ್ ಸ್ವಿಚ್ಚಿಗೆ ನೀರು ಇಳಿಯುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಹಂಚಿನ ಮನೆ. ಏಪ್ರಿಲ್‌ನಲ್ಲಿ 540 ವ್ಯಾಟ್‌ನ 6 ಪ್ಯಾನೆಲ್ ಹಾಕಿಸಿದೆವು. ಡಿಸಿ ಐಸೋಲೇಟರ್ (ಪ್ಯಾನೆಲ್ಲಿನಿಂದ ಇನ್ವರ್ಟರಿಗೆ ಬರುವ ಡಿಸಿ ಕರೆಂಟನ್ನು ಕಡಿಯುವ ಸ್ವಿಚ್) ಪಡುವಣ ಗೋಡೆಯ ಮೇಲಿದೆ, ಪೆಟ್ಟಿಗೆ ಮೇಲೆ ಐಪಿ66 (ದೂಳು, ನೀರು ಒಳಹೋಗದು ಎಂಬ ಗುರುತು) ಎಂದು ಬರೆದಿದೆ. ಪುನರ್ವಸು ಮಳೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಇನ್ವರ್ಟರ್ 'ಐಸೋಲೇಶನ್ ಫಾಲ್ಟ್' (ಕರೆಂಟು ನೆಲಕ್ಕೆ ಸೋರುತ್ತಿದೆ ಎಂಬ ಎಚ್ಚರಿಕೆ) ತೋರಿಸುತ್ತದೆ. ಪೆಟ್ಟಿಗೆ ತೆಗೆಸಿ ನೋಡಿದರೆ ತಳದಲ್ಲಿ ಎರಡು ಚಮಚದಷ್ಟು ನೀರು, ತಿರುಪಿನ ಮೇಲೆ ಹಸಿರು ಕಿಲುಬು. ಪೆಟ್ಟಿಗೆಯೇ ಕಳಪೆಯೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಪೆಟ್ಟಿಗೆಯನ್ನು ಬೈಯುವ ಮೊದಲು ಅದಕ್ಕೆ ಕೊರೆದ ತೂತುಗಳನ್ನು ನೋಡಿ. ಐಪಿ66 ಎಂಬುದು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಯೋಗ್ಯತೆ. ಡ್ರಿಲ್ ತಾಗಿದ ಮೇಲೆ ಆ ಹೊಣೆಯೆಲ್ಲ ಗ್ಲ್ಯಾಂಡಿನದು, ಅಂದರೆ ಕೇಬಲ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ರಬ್ಬರಿನ ಬಿಗಿತಿರುಪಿನದು.

ಮೊದಲು ಪೆಟ್ಟಿಗೆಯ ನೆತ್ತಿ ನೋಡಿ. ಮಾಡಿನಿಂದ ಇಳಿದ ಪಿವಿಸಿ ಪೈಪು ನೇರವಾಗಿ ನೆತ್ತಿಗೇ ಸೇರಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಆ ಪೈಪು ಮಾಡಿನಂಚಿನ ದೋಣಿ ಮಾಡುವ ಕೆಲಸವನ್ನೇ ಮಾಡುತ್ತಿದೆ, ನೀರು ಹಿಡಿದು ತಂದು ಸ್ವಿಚ್ಚಿಗೆ ಸುರಿಯುತ್ತಿದೆ. ಕೇಬಲ್ ಯಾವತ್ತೂ ತಳದಿಂದಲೇ ಒಳಹೋಗಬೇಕು. ಪೆಟ್ಟಿಗೆಗಿಂತ ಅರ್ಧ ಅಡಿ ಕೆಳಗಿಳಿದು, ಬಾಗಿ, ಮೇಲೇರಬೇಕು. ಬಾಗಿದ ಕಡೆ ನೀರು ತೊಟ್ಟಿಕ್ಕಿ ಹೋಗುತ್ತದೆ. ಪೈಪನ್ನು ಪೆಟ್ಟಿಗೆಗೆ ಮುಟ್ಟಿಸದೆ, ಬಾಯಿ ಕೆಳಮುಖವಾಗಿ ಬಿಟ್ಟರೆ ಸಾಕು.

ಎರಡನೆಯದು, ಒಂದೇ ಗ್ಲ್ಯಾಂಡಿನಲ್ಲಿ ಎರಡು ಕೇಬಲ್ ತುರುಕಿರುವುದು. ಗ್ಲ್ಯಾಂಡಿನ ರಬ್ಬರ್ ಉರುಟಾದ ಒಂದು ಕೇಬಲ್ಲನ್ನು ಹಿಡಿಯಲು ಮಾಡಿದ್ದು. ಎರಡು ಹಾಕಿದರೆ ನಡುವೆ ಸಂದು ಉಳಿದೇ ಉಳಿಯುತ್ತದೆ. ಒಂದು ಕೇಬಲ್ಲಿಗೆ ಒಂದು ಗ್ಲ್ಯಾಂಡ್, ಇಲ್ಲವೇ ಎರಡು ತೂತಿನ ರಬ್ಬರ್ ಇರುವ ಗ್ಲ್ಯಾಂಡ್ ಹಾಕಿಸಿ. ಬಳಸದ ತೂತಿಗೆ ಬಿರಡೆ ಬೇಕೇ ಬೇಕು. ನೀರಿಗಿಂತ ಮೊದಲು ಅಲ್ಲಿಂದ ಹೋಗುವುದು ಇರುವೆ, ಅದರ ಬೆನ್ನಿಗೆ ಹಲ್ಲಿ. ಬೆನ್ನ ಹಲಗೆಗೆ ಹೊಸದಾಗಿ ತೂತು ಕೊರೆದು ಗೋಡೆಗೆ ತಿರುಪು ಹೊಡೆದಿದ್ದಾರೆಯೇ ಎಂದೂ ನೋಡಿ. ಹಸಿ ಗೋಡೆಯಿಂದ ಹಿಂಬಾಗಿಲಲ್ಲಿ ನೀರು ಬರುವುದು ಹೀಗೆ. ಪೆಟ್ಟಿಗೆಯ ಹೊರಕಿವಿಗಳಿಗೇ ತಿರುಪು ಹಾಕಬೇಕು.

ಇಷ್ಟೆಲ್ಲ ಸರಿಯಿದ್ದರೂ ನೀರು ಹೋಗುವ ಇನ್ನೊಂದು ದಾರಿ ಇದೆ. ಹೊಳವಾದಾಗ ಬಿಸಿಲಿಗೆ ಪೆಟ್ಟಿಗೆ 50 ಡಿಗ್ರಿಗೆ ಕಾಯುತ್ತದೆ. ಆಗಲೇ ಒಂದು ಜಡಿಮಳೆ ಬಂದು 25 ಡಿಗ್ರಿಗೆ ಇಳಿಯಿತು ಎನ್ನಿ. ಒಳಗಿನ ಗಾಳಿ ಸುಮಾರು ಶೇ. 8ರಷ್ಟು ಕುಗ್ಗುತ್ತದೆ. ಆ ಜಾಗ ತುಂಬಲು ಪೆಟ್ಟಿಗೆ ಹೊರಗಿನಿಂದ ಎಳೆದುಕೊಳ್ಳುತ್ತದೆ. ಸಡಿಲ ಗ್ಲ್ಯಾಂಡಿನ ಸುತ್ತ ನೀರು ನಿಂತಿದ್ದರೆ ಗಾಳಿಯ ಬದಲು ಅದೇ ಒಳಹೋಗುತ್ತದೆ. ಅದಕ್ಕೇ ತಳಕ್ಕೆ ಕಂಪನಿಯದೇ ಬ್ರೀದರ್ (ಗಾಳಿ ಬಿಟ್ಟು ನೀರು ತಡೆಯುವ ಬಿರಡೆ) ಹಾಕುವುದು. ಮೊಳೆಯಲ್ಲಿ ತೂತು ಮಾಡಿ 'ನೀರು ಹೋಗಲಿ' ಎನ್ನುವ ಉಪಾಯ ಬೇಡ. ಸಂದಿಗೆ ಸಿಲಿಕಾನ್ ಬಳಿಯುವವರಿಗೆ ಒಂದು ಮಾತು: ವಿನೆಗರ್ ವಾಸನೆಯ ಅಗ್ಗದ ಸಿಲಿಕಾನ್ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನಿಮ್ಮ ಕಿಲುಬಿನಲ್ಲಿ ಅದರ ಪಾಲೂ ಇರಬಹುದು.

ಕಿಲುಬು ಹಿಡಿದ ಸ್ವಿಚ್ಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬೇಡಿ, ಬದಲಿಸಿ. ಹಸಿರು ಕಂಡ ಕೇಬಲ್ ತುದಿಯನ್ನೂ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಫೆರೂಲ್ (ತಂತಿಯ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿಸಿ, ಸ್ವಿಚ್ಚಿನ ಮೇಲೆ ನಮೂದಿಸಿದ ಬಿಗಿತಕ್ಕೆ ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಬಿಗಿಸಬೇಕು. ಸಡಿಲ ತಿರುಪು ಕಾಯುತ್ತದೆ, ಕಾದದ್ದು ಕರಗುತ್ತದೆ. ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಿಡಿಸಿ; ಕೇಬಲ್ಲಿಗೂ ನೆಲಕ್ಕೂ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು.

ಇದನ್ನು ನೀವೇ ಮಾಡಲು ಹೋಗಬೇಡಿ. ಸ್ವಿಚ್ ಆಫ್ ಇದ್ದರೂ ಪ್ಯಾನೆಲ್ ಕಡೆಯ ಎರಡು ತಿರುಪುಗಳಲ್ಲಿ ಸುಮಾರು 300 ವೋಲ್ಟ್ ಇದ್ದೇ ಇರುತ್ತದೆ, ಮೋಡ ಕವಿದ ದಿನವೂ.

ಹೊಸದನ್ನು ಪಡುವಣಕ್ಕೆ ಹಾಕಿಸಬೇಡಿ. ನಮ್ಮ ಮುಂಗಾರು ಬೀಸುವುದೇ ಆ ದಿಕ್ಕಿನಿಂದ. ಜಗಲಿಯ ಒಳಗೋಡೆ, ಇರಚಲು ತಾಗದ ಜಾಗ, ನೆಲದಿಂದ ನಾಲ್ಕೈದು ಅಡಿ ಎತ್ತರ – ಅಷ್ಟಿದ್ದರೆ ಚೆನ್ನ. ಮಾಡಿನ ಮೇಲಂತೂ ಬೇಡವೇ ಬೇಡ. ಆಸ್ಟ್ರೇಲಿಯಾದಲ್ಲಿ 2012ರ ಮಾನದಂಡ ಚಾವಣಿ ಮೇಲೆ ಡಿಸಿ ಐಸೋಲೇಟರ್ ಕಡ್ಡಾಯ ಮಾಡಿತ್ತು. ನೀರು ಹೊಕ್ಕು ಆ ಸ್ವಿಚ್ಚುಗಳೇ ಬೆಂಕಿಗೆ ಕಾರಣವಾಗತೊಡಗಿದ ಮೇಲೆ 2021ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು.

ಪ್ರಶ್ನೆ: ಮನೆಯ ವೈರಿಂಗಿಗೆ ಹಾಕುವ 32 ಆಂಪಿಯರ್ ಎಂಸಿಬಿಯನ್ನೇ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಪ್ಯಾನೆಲ್ ಕಡೆಗೂ ಹಾಕಬಹುದು ಎನ್ನುತ್ತಾರೆ ನಮ್ಮ ಎಲೆಕ್ಟ್ರಿಷಿಯನ್. ಬರುವುದು 14 ಆಂಪಿಯರ್ ತಾನೇ?
– ಓದುಗರು, ಶಿವಮೊಗ್ಗ

ಉತ್ತರ: ಆಂಪಿಯರ್ ಲೆಕ್ಕ ಸರಿ, ಆದರೆ ತೊಂದರೆ ಕಿಡಿಯದು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಸಾಯುತ್ತದೆ. ಡಿಸಿಗೆ ಸೊನ್ನೆ ಎಂಬುದೇ ಇಲ್ಲ. ಎಸಿ ಎಂಸಿಬಿಯ ಪುಟ್ಟ ಸಂದಿನಲ್ಲಿ 300 ವೋಲ್ಟಿನ ಡಿಸಿ ಕಿಡಿ ನಿಂತು ಉರಿದು ಪ್ಲಾಸ್ಟಿಕ್ಕನ್ನೇ ಸುಡಬಹುದು. ಕೊಳ್ಳುವಾಗ ಐಎಸ್/ಐಇಸಿ 60947-3, ಜೊತೆಗೆ ಡಿಸಿ-ಪಿವಿ2 ಎಂಬ ಗುರುತು ನೋಡಿ; ಹಳೆಯ ಸರಕಿನಲ್ಲಿ ಡಿಸಿ-21ಬಿ ಎಂದಿರುತ್ತದೆ.

ಅಳತೆ ಹೀಗೆ: ಒಂದು ಪ್ಯಾನೆಲ್ಲಿನ ತೆರೆದ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗ ಇರುವುದು) 49.5 ಇದ್ದರೆ 6ಕ್ಕೆ 297. ಚಳಿಗೆ ವೋಲ್ಟೇಜ್ ಏರುತ್ತದೆ. ಮಾಗಿಯ ಬೆಳಗು 10 ಡಿಗ್ರಿ ಎಂದುಕೊಂಡರೆ 310ರ ಹತ್ತಿರ. ಶಾರ್ಟ್ ಸರ್ಕ್ಯೂಟ್ ಕರೆಂಟು 13.9, ಅದರ ಒಂದೂಕಾಲು ಪಟ್ಟು 17.4 ಆಂಪಿಯರ್. 600 ವೋಲ್ಟಿನಲ್ಲಿ 20 ಆಂಪಿಯರ್ ಕತ್ತರಿಸಬಲ್ಲ ಸ್ವಿಚ್ ಧಾರಾಳ. ಮುಖದ ಮೇಲೆ ದೊಡ್ಡದಾಗಿ 32 ಎಂದಿದ್ದರೂ ವೋಲ್ಟೇಜ್ ಏರಿದಂತೆ ಆಂಪಿಯರ್ ಇಳಿಯುವ ಪಟ್ಟಿ ಪಕ್ಕದಲ್ಲಿರುತ್ತದೆ, ಅದನ್ನು ಓದಿ. ಡಿಸಿ ಎಂಸಿಬಿಯನ್ನೇ ತಂದರೂ ಮೇಲೆ + ಮತ್ತು – ಗುರುತಿದ್ದರೆ ತಂತಿ ತಿರುಗಾಮುರುಗಾ ಆಗಬಾರದು. ಕಿಡಿಯನ್ನು ನಂದಿಸುವ ಅದರೊಳಗಿನ ಅಯಸ್ಕಾಂತ ಆಗ ಕಿಡಿಯನ್ನು ಉಲ್ಟಾ ದಿಕ್ಕಿಗೆ ದೂಡುತ್ತದೆ.

ಪ್ರಶ್ನೆ: ಕರೆಂಟು ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ. ಮತ್ತೆ ಮೆಸ್ಕಾಂನವರು ಮೀಟರ್ ಪಕ್ಕ ಇನ್ನೊಂದು ಸ್ವಿಚ್ ಕೇಳುವುದೇಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಕಂಬ ಹತ್ತುವ ಲೈನ್‌ಮ್ಯಾನ್ ನಿಮ್ಮ ಇನ್ವರ್ಟರಿನ ಒಳಗಿನ ಚಿಪ್ಪನ್ನು ನಂಬಿ ಹತ್ತಲಾರ, ತನ್ನ ಬೀಗವನ್ನು ನಂಬಿ ಹತ್ತುತ್ತಾನೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಕೇಳುವುದೂ ಇದನ್ನೇ: ಸಂಪರ್ಕ ಕಡಿದದ್ದು ಕಣ್ಣಿಗೆ ಕಾಣಬೇಕು, ಆನ್–ಆಫ್ ಗುರುತು ಸ್ಪಷ್ಟವಿರಬೇಕು, ಆಫ್ ಸ್ಥಿತಿಯಲ್ಲಿ ಬೀಗ ಹಾಕುವಂತಿರಬೇಕು, ನಿಮ್ಮನ್ನು ಕೇಳದೆ 24 ಗಂಟೆಯೂ ಸಿಬ್ಬಂದಿಯ ಕೈಗೆ ಸಿಗಬೇಕು. ಹಾಗಾಗಿ ಗೇಟಿನೊಳಗೆ, ನಾಯಿ ಕಟ್ಟುವ ಜಾಗದಲ್ಲಿ ಹಾಕಿಸಿದರೆ ನಡೆಯದು. ಎತ್ತರ, ಜಾಗ ಎರಡನ್ನೂ ಸೆಕ್ಷನ್ ಆಫೀಸಿನಲ್ಲಿ ಕೇಳಿಯೇ ಗೋಡೆ ಕೊರೆಸಿ. ಈ ಸ್ವಿಚ್ಚಿಗೆ ಲೋಡ್, ಅಂದರೆ ಹರಿಯುತ್ತಿರುವ ಕರೆಂಟನ್ನು, ಕತ್ತರಿಸುವ ಶಕ್ತಿ ಇರಲೇಬೇಕೆಂದಿಲ್ಲ. ಅದರಿಂದ ಪಕ್ಕದಲ್ಲಿ ಎಂಸಿಬಿ ಬೇಕು: 3 ಕಿಲೋವ್ಯಾಟಿಗೆ 20 ಆಂಪಿಯರ್, 5ಕ್ಕೆ 32. ಮೊದಲು ಎಂಸಿಬಿ ಇಳಿಸಿ, ಆಮೇಲೆ ಇದನ್ನು ತಿರುಗಿಸಿ.

ಪ್ರಶ್ನೆ: ಸಿಡಿಲಿನ ಹೊತ್ತಿಗೆ ಆಫ್ ಮಾಡಬೇಕೆ? ಯಾವುದು ಮೊದಲು?
– ಓದುಗರು, ಸಾಗರ

ಉತ್ತರ: ಗುಡುಗು ದೂರದಲ್ಲಿರುವಾಗಲೇ ಮಾಡಿ, ತಲೆ ಮೇಲೆ ಬಂದಾಗ ಪೆಟ್ಟಿಗೆ ಮುಟ್ಟಬೇಡಿ. ಮೊದಲು ಎಸಿ. ಇನ್ವರ್ಟರ್ ಎಳೆಯುವುದನ್ನು ನಿಲ್ಲಿಸಿದ ಮೇಲೆ ಡಿಸಿ ಇಳಿಸಿದರೆ ಕಿಡಿಯೇ ಇರದು. ಪ್ಯಾನೆಲ್ ಕೇಬಲ್ಲುಗಳನ್ನು ಜೋಡಿಸುವ ಎಂಸಿ4 ಕನೆಕ್ಟರನ್ನು ಮಾತ್ರ ಕರೆಂಟು ಹರಿಯುತ್ತಿರುವಾಗ ಎಂದೂ ಎಳೆಯಬಾರದು. ಸ್ವಿಚ್ ಇಳಿಸಿದ್ದರಿಂದ ಸಿಡಿಲು ನಿಲ್ಲುತ್ತದೆ ಎಂದುಕೊಳ್ಳಬೇಡಿ, ಡಿಸಿ ಮತ್ತು ಎಸಿ ಎರಡೂ ಕಡೆ ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಇರಬೇಕು. ಅದರ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಅದು ಆಗಲೇ ಒಂದು ಪೆಟ್ಟು ತಿಂದು ಸತ್ತಿದೆ. ಒಳಗಿನ ತುಂಡನ್ನು ಬದಲಿಸಿ.

ಪ್ರಶ್ನೆ: ಮಂಗಗಳು ಕೇಬಲ್ ಎಳೆದು ಐಸೋಲೇಟರಿನ ಗ್ಲ್ಯಾಂಡೇ ಕಿತ್ತು ಬಂದಿದೆ. ಏನು ಮಾಡುವುದು?
– ಓದುಗರು, ಕೊಪ್ಪ

ಉತ್ತರ: ಜೋತಾಡುವ ಕೇಬಲ್ ಕಂಡರೆ ಮಂಗ ಬಿಡುವುದಿಲ್ಲ. ಕೇಬಲ್ಲನ್ನು ಪ್ಯಾನೆಲ್ಲಿನ ಚೌಕಟ್ಟಿನ ಅಡಿಗೆ ಸ್ಟೀಲ್ ಕ್ಲಿಪ್ಪಿನಲ್ಲಿ ಕಟ್ಟಿಸಿ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗುತ್ತದೆ. ಅಲ್ಲಿಂದ ಕೆಳಗೆ ಗೋಡೆಗೆ ಒತ್ತಿದ ಪೈಪಿನೊಳಗೆ ತನ್ನಿ. ಪೆಟ್ಟಿಗೆ ಕೆಳಗಿನ ಬಾಗಿಗೂ ಒಂದು ಕ್ಲಿಪ್ ಇರಲಿ, ಎಳೆದರೆ ಭಾರ ಕ್ಲಿಪ್ಪಿಗೆ ಬೀಳುತ್ತದೆ, ಗ್ಲ್ಯಾಂಡಿಗೆ ತಾಗುವುದಿಲ್ಲ. ಈಗ ಕಿತ್ತಿರುವುದನ್ನು ಹಾಗೇ ಒಳತಳ್ಳಿ ಬಳಸಬೇಡಿ. ಎಸಿ, ಡಿಸಿ ಎರಡನ್ನೂ ಇಳಿಸಿಟ್ಟು, ಪ್ಯಾನೆಲ್ ಹಾಕಿದವರನ್ನು ಕರೆಸಿ ಒಳಗಿನ ತಿರುಪುಗಳನ್ನೂ ಬಿಗಿಸಿ ನೋಡಿಸಿದ ಮೇಲೆಯೇ ಮತ್ತೆ ಆನ್ ಮಾಡಿ.