ಲೀಸ್ ಮತ್ತು ಲೈಸೆನ್ಸ್: ಒಂದೇ ಪದ ಸಾಲದು

ಲೀಸ್, ಲೈಸೆನ್ಸ್ ಎರಡನ್ನೂ ‘ಬಾಡಿಗೆ ಕರಾರು’ ಎಂದು ಅನುವಾದಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಪ್ರಕಾರ ಲೀಸ್ ಎಂದರೆ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕಿನ ವರ್ಗಾವಣೆ. ಲೈಸೆನ್ಸ್ ಆದರೋ, ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ ಹೇಳುವಂತೆ, ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಕೊಡದ ಬರಿಯ ಅನುಮತಿ. ನಮ್ಮ ಮಂಗಳೂರು, ಉಡುಪಿ ಕಡೆಯ ಹಳೆಯ ದಸ್ತಾವೇಜುಗಳಲ್ಲಿ ಕಾಣುವ ಮೂಲಗೇಣಿಯು ಶಾಶ್ವತ ಲೀಸ್ ಆಗಿರುವುದರಿಂದ, ಅದನ್ನು ನೆನೆದರೆ ಮೊದಲನೆಯದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಜಾತ್ರೆಯ ಗದ್ದೆಯಲ್ಲಿ ಮೂರು ದಿನ ಅಂಗಡಿ ಇಡಲು ದೊರೆಯುವ ಒಪ್ಪಿಗೆ ಸಾಮಾನ್ಯವಾಗಿ ಎರಡನೆಯದು. ಪತ್ರದ ತಲೆಬರಹವನ್ನು ಮಾತ್ರ ನಂಬಬೇಡಿ: ಉಭಯ ಪಕ್ಷಗಳ ಉದ್ದೇಶ ಮತ್ತು ಪತ್ರದ ತಿರುಳೇ ಮುಖ್ಯವೆಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ನಾನು ‘ಗುತ್ತಿಗೆ’, ‘ಪರವಾನಗಿ’ ಎಂದೇ ಬರೆಯುತ್ತೇನೆ.